ಎಡೆಯಿಲ್ಲದ ಸಿಪಾಯಿ

ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆ ಗೋಡೆಯಲ್ಲಿ ಒಂದು ತೇವದ ಕಲೆ ಇತ್ತು. ಎಷ್ಟು ಸುಣ್ಣ ಬಳಿದರೂ ಮಳೆಗಾಲಕ್ಕೆ ಮತ್ತೆ ಮೂಡುತ್ತಿತ್ತು. ಅದನ್ನು ಮುಚ್ಚಲೆಂದೇ ನನ್ನ ಗಂಡ ಅರ್ಜುನಪ್ಪ ಒಂದು ಹಳೇ ಫೋಟೋ ಪಟ ತಂದದ್ದು. ಅವರದು ತರಕಾರಿ ವ್ಯಾಪಾರ. ದಂಡು ಪ್ರದೇಶದ ಒಂದು ಬಂಗಲೆಗೆ ದಿನಾ ತರಕಾರಿ ಹಾಕುತ್ತಿದ್ದರು. ಎಪ್ಪತ್ತನಾಲ್ಕರಲ್ಲಿ ಆ ಮನೆಯವರು ಊರು ಬಿಡುವಾಗ ಸಾಮಾನೆಲ್ಲ ಹರಾಜಿಗೆ ಬಂತು, ಪಟವನ್ನು ಅಲ್ಲೇ ಕೊಂಡರು.

ಅಗಲವಾದ ತೇಗದ ಚೌಕಟ್ಟು. ಒಳಗೆ ಎರಡನೇ ಮಹಾಯುದ್ಧದ ಕಾಲದ ಸಿಪಾಯಿಗಳು, ರೈಲಿನ ಮುಂದೆ ಎರಡು ಸಾಲಾಗಿ. ಎಲ್ಲರೂ ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದರು. ಹಿಂದಿನ ಸಾಲಿನ ಕೊನೆಯಲ್ಲಿ ನಿಂತಿದ್ದ ಉದ್ದ ಕತ್ತಿನ ಹುಡುಗ ಮಾತ್ರ ಯಾರೋ ಕರೆದರೆಂಬಂತೆ ಪಕ್ಕಕ್ಕೆ ತಿರುಗಿದ್ದ. ಪಟ ಗೋಡೆಗೇರಿದ ಮೇಲೆ ಆ ಪಕ್ಕಕ್ಕೆ ಬಂದದ್ದು ನಮ್ಮ ಅಡುಗೆಮನೆಯ ಬಾಗಿಲು. ಗುರುತಿಲ್ಲದವರನ್ನು ಮನೆಯೊಳಗೆ ಯಾಕೆ ನಿಲ್ಲಿಸಿದಿರಿ ಎಂದೆ. ಗೋಡೆಗೆ ಗತ್ತು ಬಂತು ನೋಡು ಎಂದರು.

ಆ ವರ್ಷ ಮಹಾಲಯ ಅಮಾವಾಸ್ಯೆ ಬಂತು. ತೀರಿಕೊಂಡ ಹಿರಿಯರ ಫೋಟೋಗಳಿಗೆ ಕುಂಕುಮ ಇಟ್ಟು, ಹಾರ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಾಳೆಯೆಲೆಯಲ್ಲಿ ಬಡಿಸಿ ಎಡೆ ಇಡುವ ದಿನ. ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು ನಾವು ಜಗಲಿಯಲ್ಲಿ ಕೂರುತ್ತೇವೆ. ಹೋದವರು ಬಂದು ಉಣ್ಣುವ ಹೊತ್ತು ಅದು. ನನ್ನ ಅತ್ತೆ ದೊಡ್ಡಮುನಿಯಮ್ಮ ಮಾವನ ಫೋಟೋ ಮುಗಿಸಿದವರು ಸ್ಟೂಲು ಎಳೆದುಕೊಂಡು ಸಿಪಾಯಿಗಳ ಪಟದ ಮುಂದೆಯೂ ನಿಂತರು. ಚೌಕಟ್ಟಿಗೆ ಹಾರ ಹಾಕಿ, ಗಾಜಿನ ಮೇಲೆ ಒಬ್ಬೊಬ್ಬರ ಹಣೆಗೂ ಕುಂಕುಮ ಇಟ್ಟರು.

"ಯಾರು ಹೆತ್ತ ಮಕ್ಕಳೋ. ಯುದ್ಧಕ್ಕೆ ಹೋದೋರು ಉಳಿದಿರ್ತಾರಾ? ನಮ್ಮನೇಲಿ ನಿಂತವ್ರೆ. ನಾವು ಉಂಡು ಅವ್ರನ್ನ ಉಪವಾಸ ಇಡೋಕಾಗುತ್ತಾ?"

ನನಗೂ ಸರಿಯೆನಿಸಿತು. ಇನ್ನೊಂದು ಎಲೆ ಹಾಕಿದೆ.

ಅದಾದ ಸ್ವಲ್ಪ ದಿನಕ್ಕೆ ದಸರಾ ಬಳೆ ತೊಡಿಸಲು ಅಕ್ಕಯಮ್ಮ ಬಂದಳು. ಬಳೇಪೇಟೆಯಿಂದ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಮನೆಮನೆಗೆ ಬರುವ ಬಳೆಗಾರ್ತಿ. ನನ್ನ ಮಗಳು ಕಲಾ ಹೊಟ್ಟೆಯಲ್ಲಿದ್ದಾಗ ಸೀಮಂತದ ಬಳೆ ತೊಡಿಸಿದವಳೂ ಅವಳೇ. ಅವಳ ಗಂಡ ಆ ಯುದ್ಧಕ್ಕೆ ಹೋದವನು ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಅವಳು ಹಣೆಯ ಕುಂಕುಮ ಅಳಿಸಲಿಲ್ಲ, ಕೈಯ ಹಸಿರು ಬಳೆ ತೆಗೆಯಲಿಲ್ಲ. ಬಸುರಿಗೆ ಬಳೆ ತೊಡಿಸುವ ಕೈ ಮುತ್ತೈದೆಯದಾಗಿರಬೇಕು. ಗಂಡ ಇಲ್ಲವೆಂದಾದರೆ ಅವಳಿಗೆ ಕಸುಬೂ ಇಲ್ಲ. ಯಾರಾದರೂ ಚುಚ್ಚಿದರೆ, ಸತ್ತನೆಂದು ಹೇಳಲು ಯಾರಾದರೂ ಬರಲಿ, ಆಮೇಲೆ ನೋಡೋಣ, ಈಗ ಕೈ ಕೊಡಿ ಎನ್ನುತ್ತಿದ್ದಳು.

ಅಂದು ನನ್ನ ಬೆರಳು ಮಡಿಸಿ, ಗಿಣ್ಣಿನ ಮೇಲೆ ಬಳೆ ಸರಿಸುತ್ತಿದ್ದವಳು ತಲೆಯೆತ್ತಿದಳು. ಬಳೆ ಚಟ್ಟೆಂದಿತು. ಅಷ್ಟು ವರ್ಷದಲ್ಲಿ ಅವಳ ಕೈಯಲ್ಲಿ ನನಗೆ ಗಾಯವಾದದ್ದು ಅದೊಂದೇ ಸಲ. ಅವಳಿಗೆ ರಕ್ತ ಕಾಣಲಿಲ್ಲ. ಎದ್ದು ಪಟದ ಹತ್ತಿರ ಹೋದಳು. ಹಾರ ಒಣಗಿ ಕಂದಾಗಿತ್ತು, ಕುಂಕುಮ ಹಾಗೇ ಇತ್ತು.

"ಕುಂಕುಮ ಅಳಿಸ್ಬಿಡವ್ವ."

ಗುರುತು ಸಿಕ್ಕಿತೇ ಎಂದು ಕೇಳಿದೆ.

"ಅವನಲ್ಲ. ಆದ್ರೂ ಅಳಿಸು."

"ಎಲ್ಲಾರದ್ದೂನಾ?"

"ಬೇರೆಯವ್ರ ಮನೆ ವಿಷಯ ನಂಗ್ಗೊತ್ತಿಲ್ಲ. ಆ ಕೊನೇಲಿರೋನ್ದು."

ಸೆರಗು ಒದ್ದೆ ಮಾಡಿ ಒರೆಸಿದೆ. ಪಟ ಬೇಕಾದರೆ ಒಯ್ಯಿ ಎಂದರೆ ಬೇಡವೆಂದಳು. ಇಲ್ಲಿ ಜೊತೆಯವರಿದ್ದಾರೆ ಎಂದಳು.

ಗಾಜು ಆ ಒಂದು ಕಡೆ ಮಾತ್ರ ತಿಳಿಯಾಯಿತು. ಅಂದಿನಿಂದ ಆ ಮುಖ ಉಳಿದವರಿಗಿಂತ ಒಂದು ಹೆಜ್ಜೆ ಮುಂದೆ ಬಂದಂತೆ ಕಾಣುತ್ತಿತ್ತು. ಒರಳಿನ ಮುಂದೆ ಕೂತರೆ, ಮುದ್ದೆ ತೊಳಸಿದರೆ, ಬೆನ್ನ ಮೇಲೆ ಅವನ ನೋಟ ಇರುತ್ತಿತ್ತು. ಹೆದರಿಸುವ ನೋಟವಲ್ಲ. ಆಟ ಮುಗಿಸಿ ಬಂದ ಮಗು ಬಾಗಿಲಲ್ಲಿ ನಿಂತು ಕಾಯುವ ಹಾಗೆ.

ಮುಂದಿನ ವರ್ಷದ ಅಮಾವಾಸ್ಯೆಗೆ ಅತ್ತೆ ಅವನನ್ನು ಬಿಟ್ಟು ಮಿಕ್ಕವರಿಗೆ ಕುಂಕುಮ ಇಟ್ಟರು. ಬಾಗಿಲು ಮುಂದೆ ಮಾಡಿ ಜಗಲಿಯಲ್ಲಿ ಕೂತಾಗ ಪುಟ್ಟ ಕಲಾ ನನ್ನ ಮಡಿಲಿಗೆ ಬಂದಳು.

"ಎಲ್ಲಾರೂ ಊಟ ಮಾಡ್ತಿದಾರಲ್ಲಮ್ಮ, ಆ ಮಾಮ ಮಾತ್ರ ನೋಡ್ತಾ ನಿಂತಿದಾನಾ?"

ಎಡೆ ಇಟ್ಟರೆ ಅಕ್ಕಯಮ್ಮನ ಗಂಡ ಸತ್ತ ಹಾಗೆ. ಇಡದಿದ್ದರೆ ಒಬ್ಬ ತಾಯಿಯ ಮಗ ನನ್ನ ಮನೆಯಲ್ಲಿ ಹಸಿದು ನಿಂತಿರುತ್ತಾನೆ. ಬಹಳ ಯೋಚಿಸಿ ಒಂದು ದಾರಿ ಕಂಡುಕೊಂಡೆ. ಬದುಕಿರುವವರಿಗೆ ಯಾರೂ ಎಡೆ ಇಡುವುದಿಲ್ಲ, ಊಟಕ್ಕೆ ಕರೆಯುತ್ತಾರೆ. ಅಕ್ಕಯಮ್ಮ ಬರುವ ದಿನ ತಟ್ಟೆಗೆ ಬಡಿಸಿ, ಅಡುಗೆಮನೆಯಿಂದಲೇ "ಊಟಕ್ಕೆ ಬಾರಪ್ಪ" ಎಂದು ಕರೆದು, ಒಂದಿಷ್ಟು ಹೊತ್ತು ಬಿಟ್ಟು, ಆ ತಟ್ಟೆಯನ್ನು ಅವಳ ಮುಂದೆ ಇಟ್ಟೆ. ಯಾರ ಪಾಲೆಂದು ಅವಳಿಗೆ ತಿಳಿಯಿತು. ತಟ್ಟೆಯಲ್ಲಿ ಕೈಯಾಡಿಸಿದಳು.

"ಇವನಿಗೆ ಹುರುಳಿಕಾಳು ಬಸ್ಸಾರು ಅಂದ್ರೆ ಪ್ರಾಣ" ಎಂದಳು. ಆಮೇಲೆ ನನ್ನ ಮುಖ ನೋಡಲಿಲ್ಲ.

ಎರಡನೆಯ ಸಲ ನಾನು ಬಸುರಿಯಾದಾಗ ಸೀಮಂತಕ್ಕೆ ಬಂದ ನೆಂಟರಲ್ಲಿ ಗುಸುಗುಸು ಎದ್ದಿತು. ಇಂಥವಳ ಕೈಯಲ್ಲಿ ಬಳೆ ತೊಡಿಸಬಹುದೇ ಎಂದರು. ಮಲಾರ ಬಿಚ್ಚುತ್ತಿದ್ದ ಅಕ್ಕಯಮ್ಮನ ಕೈ ನಿಂತಿತು. ಆಗ ಅತ್ತೆ ತಾಂಬೂಲದ ತಟ್ಟೆ ಕೆಳಗಿಟ್ಟು ಗೋಡೆ ತೋರಿಸಿದರು.

"ಅವಳ ಗಂಡ ನಮ್ಮನೇಲೇ ಅವ್ನೆ. ಎಲ್ಲಾರ ಹಣೇಲೂ ಕುಂಕುಮ ಐತೆ, ಅವನ ಹಣೇಲಿ ಇದ್ಯಾ? ಕಣ್ಣಿದ್ರೆ ನೋಡ್ಕೊಳ್ರಿ. ಅಕ್ಕಯಮ್ಮ, ನೀನು ತೊಡಿಸು."

ಹೆಂಗಸರು ನಕ್ಕರು. ನಗುತ್ತಲೇ ಪಟದ ಕಡೆ ತಿರುಗಿದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅಕ್ಕಯಮ್ಮ ನನ್ನ ಕೈಹಿಡಿದಳು. ಅವಳ ಬೆರಳು ತಣ್ಣಗಿದ್ದವು, ಆದರೆ ಒಂದು ಬಳೆಯೂ ಒಡೆಯಲಿಲ್ಲ.

ಎಂಬತ್ತಮೂರರ ಸಂಕ್ರಾಂತಿ ಕಳೆದ ಮೇಲೆ ಅಕ್ಕಯಮ್ಮ ತೀರಿಕೊಂಡಳು. ಬಳೇಪೇಟೆಯ ಹೆಂಗಸರು ಅವಳಿಗೆ ಮುತ್ತೈದೆಯ ಅರಿಶಿನ ಕುಂಕುಮ ಹಚ್ಚಿ, ಕೈತುಂಬ ಹಸಿರು ಬಳೆ ಇಟ್ಟು ಕಳಿಸಿದರು. ಚುಚ್ಚುತ್ತಿದ್ದವರೂ ಕಾಲಿಗೆ ನಮಸ್ಕಾರ ಮಾಡಿದರು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಅತ್ತೆಗೆ ಸ್ಟೂಲು ಹತ್ತಲಾಗಲಿಲ್ಲ. ನಾನೇ ಹತ್ತಿದೆ. ಆ ತಿಳಿಯಾದ ಗಾಜಿನ ಹತ್ತಿರ ಬಂದಾಗ ಬೆರಳು ಮುಂದೆ ಹೋಗಲಿಲ್ಲ. ಅವನು ಎಂದಿನಂತೆ ಅಡುಗೆಮನೆಯ ಕಡೆಯೇ ನೋಡುತ್ತಿದ್ದ. ಇನ್ನು ಯಾರೂ ನಿನ್ನ ದಾರಿ ಕಾಯುತ್ತಿಲ್ಲಪ್ಪ, ಬಾ, ಎಂದು ಮೆಲ್ಲಗೆ ಹೇಳಿ ಕುಂಕುಮ ಇಟ್ಟೆ. ಅವನಿಗೆ ಬೇರೆಯಾಗಿ ಎಲೆ ಹಾಕಿ ಹುರುಳಿಕಾಳು ಬಸ್ಸಾರು ಬಡಿಸಿದೆ. ಪಕ್ಕದಲ್ಲಿ ಇನ್ನೊಂದು ಎಲೆ. ಅಕ್ಕಯಮ್ಮನ ಫೋಟೋ ಇರಲಿಲ್ಲ. ಕಡೆಯ ಸಲ ಅವಳು ನನಗೆ ತೊಡಿಸಿದ್ದ ಬಳೆಗಳನ್ನು ಬಿಡಿಸಿ ಆ ಎಲೆಯ ಮುಂದಿಟ್ಟೆ.

ಬಾಗಿಲು ಮುಂದೆ ಮಾಡಿಕೊಂಡು ಜಗಲಿಯಲ್ಲಿ ಕೂತೆವು. ಬೀದಿಯಲ್ಲಿ ಸದ್ದಿರಲಿಲ್ಲ. ಒಳಗೆ ಗಾಜಿನ ಬಳೆಗಳು ಒಂದಕ್ಕೊಂದು ತಾಗಿದ ಸದ್ದಾಯಿತು. ಹಾಳು ಬೆಕ್ಕು ಎನ್ನುತ್ತ ಅತ್ತೆ ಏಳಹೋದರು. ನಾನು ಅವರ ಕೈಹಿಡಿದು ಕೂರಿಸಿದೆ.

"ಇನ್ನೂ ಸ್ವಲ್ಪ ಹೊತ್ತು ಇರಿ ಅತ್ತೆ. ಉಣ್ಲಿ."