ದುರುಗಮ್ಮನ ಮಾತಿಗೆ ಕತ್ತರಿ ಬೇಡ

ನಮ್ಮ ಕಡೆ ಹಳ್ಳಿಗಳಲ್ಲಿ ಇದು ಯಾರಿಗೂ ಹೊಸದಲ್ಲ. ಜ್ವರವೋ, ಬಿ.ಪಿ.ಯೋ, ಏನೋ ಒಂದು ಕಾಯಿಲೆ ಎಂದು ಸರ್ಕಾರಿ ಆಸ್ಪತ್ರೆಗೆ ಹೋಗುತ್ತೇವೆ. ಡಾಕ್ಟರು ನೋಡಿ ಚೀಟಿ ಬರೆಯುತ್ತಾರೆ. ಔಷಧಿ ಕೊಡುವಲ್ಲಿ "ಇದು ಇಲ್ಲ, ಹೊರಗ ತಗೊಳ್ರಿ" ಅನ್ನುತ್ತಾರೆ. ನಾವು ಚೀಟಿ ಮಡಚಿಕೊಂಡು ಬಂದುಬಿಡುತ್ತೇವೆ. ಯಾಕಿಲ್ಲ, ಯಾವಾಗ ಬರುತ್ತದೆ ಎಂದು ಕೇಳುವುದಿಲ್ಲ. ಹಾಗೆ ಕೇಳಿದ ಒಬ್ಬ ಹೆಂಗಸಿನ ಕಥೆ ಇದು. ಆಕೆ ಕೇಳಿದ್ದನ್ನು ಅಳಿಸಲು ಒಪ್ಪದ ಇನ್ನೊಬ್ಬಳ ಕಥೆಯೂ ಹೌದು.

ಹರಪನಹಳ್ಳಿ ಬಸ್ ನಿಲ್ದಾಣದ ಹಿಂದೆ, ಮೆಕ್ಕೆಜೋಳದ ಮಂಡಿಯ ಮೇಲಿನ ಕೋಣೆಯೊಂದರಲ್ಲಿ ಯಶೋಧರಾ ವಿಡಿಯೋ ಎಡಿಟಿಂಗ್ ಮಾಡುತ್ತಾಳೆ. ಮದುವೆ, ಸೀಮಂತ, ಗೃಹಪ್ರವೇಶ, ಏನಿದ್ದರೂ ಸರಿ. ಊಟದ ಪಂಕ್ತಿಯಲ್ಲಿ ಬೀಗರು ಮುನಿಸಿಕೊಂಡು ಎದ್ದದ್ದನ್ನು ತೆಗೆದು, ಆ ಜಾಗಕ್ಕೆ ಮಕ್ಕಳು ನಗುವುದನ್ನು ಕೂರಿಸುವುದರಲ್ಲಿ ಅವಳ ಕೈ ಪಳಗಿದೆ.

ಕಳೆದ ವರ್ಷ ಅವಳಿಗೆ ಬೇರೆ ತರಹದ ಕೆಲಸ ಬಂತು. ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ಖರೀದಿ ಹೇಗೆ ನಡೆಯುತ್ತದೆ ಎಂದು ಜನರಿಗೆ ತಿಳಿಸುವ ಚಿಕ್ಕ ಚಿತ್ರ. ಗ್ರಾಮಸಭೆಗಳಲ್ಲಿ ತೋರಿಸುವುದಕ್ಕೆ. ಪ್ರಚಾರದ ಗುತ್ತಿಗೆ ಹಿಡಿದಿದ್ದ ಸೋಮಶೇಖರ್ ಎಂಬಾತ ಒಂದು ಹಳ್ಳಿಯಲ್ಲಿ ಸಂದರ್ಶನಗಳನ್ನು ಚಿತ್ರೀಕರಿಸಿ, ಮಾತಾಡಿದವರ ಒಪ್ಪಿಗೆ ಪತ್ರಗಳ ಸಮೇತ ತಂದುಕೊಟ್ಟ. ಅವುಗಳಲ್ಲಿ ದುರುಗಮ್ಮನದೇ ಉದ್ದ, ಹನ್ನೊಂದು ನಿಮಿಷ. ಐವತ್ತರ ಆಸುಪಾಸಿನ ಹೆಂಗಸು. ಕುರಿ ದೊಡ್ಡಿಯ ಮುಂದೆ ಕಲ್ಲಿನ ಮೇಲೆ ಕೂತು ನೇರ ಕ್ಯಾಮೆರಾ ನೋಡಿ ಮಾತಾಡಿದ್ದಳು.

"ಎರಡು ವರ್ಷದ ಹಿಂದ, ಮೆಕ್ಕಿಜೋಳ ಮುರಿಯೋ ಕಾಲ. ನಮ್ಮ ಮನಿಯವರು ಕರಿಸಿದ್ದಪ್ಪಗ ಹೊಲದಾಗ ಕೊಳಕುಮಂಡಲ ಹಾವು ಕಡೀತು. ಆಸ್ಪತ್ರಿಗೆ ಹೊತ್ಕೊಂಡು ಓಡಿದ್ವಿ. ಹತ್ತು ನಿಮಿಷದ ದಾರಿ. ಹೋದ್ರ ಆ ವಿಷ ಇಳಿಸೋ ಇಂಜೆಕ್ಷನ್ ಇದ್ದಿಲ್ಲ. ಗೂಡ್ಸ್ ಆಟೋದಾಗ ಮಲಗಿಸಿಕೊಂಡು ದಾವಣಗೇರಿಗೆ ಹೊಂಟ್ವಿ. ದಾರ್‍ಯಾಗ ಹಲ್ಲಿನ ಸಂದಿಯಾಗಿಂದ ರಕ್ತ ಬರಾಕತ್ತಿತು. ನಾನು ಸೆರಗಿನಾಗ ಒರೆಸ್ಕೋತ ಹೋದೆ. ಜೀವ ಉಳೀತು. ಕಾಲು ಮಾತ್ರ ಮೊದಲಿನಂಗ ಆಗ್ಲಿಲ್ಲ. ಈಗ ಕುರಿ ಹಿಂದ ನಾನ ಹೋಗ್ತೀನಿ."

ಒಂದು ತಿಂಗಳ ಮೇಲೆ ಆಕೆ ಅದೇ ಆಸ್ಪತ್ರೆಗೆ ಹೋಗಿ, ಸುತ್ತ ಇಷ್ಟು ಹೊಲಗಳಿರುವ ಊರಲ್ಲಿ ಆ ಔಷಧಿ ಯಾಕೆ ಇಟ್ಟಿಲ್ಲ ಎಂದು ಕೇಳಿದ್ದಳು. ಔಷಧಿ ವಿಭಾಗದ ರೇಣುಕಾ, ರೋಗಿಗಳ ಹೆಸರು ಬರೆಯುವ ದಪ್ಪ ಪುಸ್ತಕ ತೆಗೆದು ತೋರಿಸಿದ್ದರು.

"ಪುಸ್ತಕದಾಗ ಏನಿತ್ತು ಅಂತೀರಿ? ಮೂರು ವರ್ಷದಾಗ ನಮ್ಮೂರಾಗ ಹಾವು ಕಡಿದದ್ದು ಇಬ್ಬರಿಗೆ ಅಂತ. ನಮ್ಮ ಓಣ್ಯಾಗ ಐದು ಮಂದಿ ಅದಾರ. ನಮ್ಮ ಮನಿಯವರ ಹೆಸರೂ ಇದ್ದಿಲ್ಲ. ಆ ಅವಸರದಾಗ ಯಾರು ಬರೆಸ್ತಾರ? ನನಗ ನಗು ಬಂತು, ಹಿಂದ ಸಿಟ್ಟೂ ಬಂತು."

ರೇಣುಕಾರ ಸಂದರ್ಶನವೂ ಇತ್ತು. ಅವರು ಬಿಡಿಸಿ ಹೇಳಿದ್ದರು: "ಔಷಧಿ ಖರೀದಿ ಮಾಡೋರಿಗೆ ನಮ್ಮ ಹೊಲ ಕಾಣಲ್ಲ, ನಮ್ಮ ಪುಸ್ತಕ ಕಾಣ್ತೈತಿ. ಹೋದ ವರ್ಷ ಎಷ್ಟು ಮಂದಿಗೆ ಬೇಕಾತು ಅಂತ ನೋಡಿ, ಅದರ ಮ್ಯಾಲ ಈ ವರ್ಷ ತರಿಸ್ತಾರ. ಮಂದಿ ಮಂತ್ರ ಹಾಕ್ಸಾಕ ಹೋದ್ರು, ಇಲ್ಲಾ ಸೀದಾ ಊರು ಬಿಟ್ಟು ಹೋದ್ರು ಅಂದ್ರ ಇಲ್ಲಿ ಹೆಸರು ಬರಲ್ಲ. ಹೆಸರು ಬರಲಿಲ್ಲ ಅಂದ್ರ ಔಷಧಿ ಬರಲ್ಲ."

ದುರುಗಮ್ಮ ಸುಮ್ಮನಿರಲಿಲ್ಲ. ಮನೆಮನೆಗೆ ಹೋಗಿ ಕೇಳಿ ಹದಿನಾಲ್ಕು ಜನರ ಹೆಸರು ಬರೆಸಿದಳು. ಯಾವ ತಿಂಗಳು, ಯಾವ ಹೊಲ, ಎಲ್ಲಿಗೆ ಒಯ್ದರು, ಉಳಿದರೋ ಇಲ್ಲವೋ ಎಲ್ಲವನ್ನೂ ಬರೆಸಿದಳು. ಅದನ್ನು ಹಿಡಿದು, ಆಸ್ಪತ್ರೆಯ ಬೇಕುಬೇಡ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಹೋದಳು.

"ಮೂರು ಸಲ ಹೋದೆ. ಎರಡು ಸಲ, ಆತು ನೋಡೋಣು ಹೋಗವ್ವ ಅಂದ್ರು. ಮೂರನೇ ಸಲ ನಾನು ಎದ್ದು ಬರಲಿಲ್ಲ. ಪಟ್ಟಿ ಓದೋತನ ಕುಂತೆ. ಓದಿದ್ರು, ಸಹಿ ಮಾಡಿದ್ರು, ತಾಲೂಕಿನ ಸಾಹೇಬ್ರಿಗೆ ಕಳಿಸಿದ್ರು. ಈಗ ನಮ್ಮ ಆಸ್ಪತ್ರಿಯಾಗ ಆ ಔಷಧಿ ಐತಿ. ಈ ಮಳಿಗಾಲದಾಗ ನಮ್ಮ ಪಕ್ಕದ ಮನಿ ಹುಡುಗಿಗೆ ಕಟಿಗಿ ಒಟ್ಟಲಿನಾಗ ಹಾವು ಕಡಿದಾಗ ಅಲ್ಲೇ ಕೊಟ್ರು. ಆಕಿ ಈಗ ಓಡಾಡ್ಕೊಂಡು ಅದಾಳ."

ಯಶೋಧರಾ ಇದನ್ನೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದಳು. ಅಷ್ಟರಲ್ಲಿ ಸೋಮಶೇಖರನ ಫೋನ್ ಬಂತು.

"ಮೇಡಂ, ಆ ಕುರಿ ಕಾಯೋ ಅಮ್ಮನದು ಇಪ್ಪತ್ತು ಸೆಕೆಂಡ್ ಸಾಕು. 'ಇದ್ದಿಲ್ಲ' ಅಂದಿದ್ದು, ಮೂರು ಸಲ ಹೋಗಿದ್ದು ಎಲ್ಲ ತೆಗೀರಿ. 'ಈಗ ನಮ್ಮ ಆಸ್ಪತ್ರಿಯಾಗ ಔಷಧಿ ಐತಿ' ಅಂತಾಳಲ್ಲ, ಅದನ್ನ ಇಡ್ರಿ. ಇದು ಪ್ರಚಾರದ ಚಿತ್ರ. ಇದು ಒಪ್ಪಿಗೆ ಆದ್ರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ನಾಲ್ಕೂ ತಾಲೂಕಿನ ಕೆಲಸ ನಿಮಗೇ ಕೊಡ್ತೀನಿ."

ಯಶೋಧರಾ ಹೇಳಿದ ಹಾಗೆ ಮಾಡಿದಳು. ಮಾತು ಕತ್ತರಿಸಿದ ಜಾಗ ಕಾಣದಂತೆ ಮೇಲೆ ಔಷಧಿ ಕಪಾಟಿನ ದೃಶ್ಯ ಹಾಕಿದಳು, ಕೆಳಗೆ ಕೊಳಲಿನ ಸಂಗೀತ ಕೂರಿಸಿದಳು. ಚಿತ್ರ ಚೆಂದವೇ ಬಂತು. ಅವಳ ಗಂಡ ಮಾರೇಶ್, ತಾಲೂಕು ಕಚೇರಿಯೊಂದರಲ್ಲಿ ಕಂಪ್ಯೂಟರ್ ಕೆಲಸದವನು, ನೋಡಿ ಮೆಚ್ಚಿಕೊಂಡ.

ಮರುದಿನ ಬೆಳಿಗ್ಗೆ ದುರುಗಮ್ಮ ಮೆಟ್ಟಿಲು ಹತ್ತಿ ಬಂದಳು. ಕುರಿಗಳಿಗೆ ಔಷಧಿ ಒಯ್ಯಲು ಪೇಟೆಗೆ ಬಂದವಳು, ಚಿತ್ರೀಕರಣದವರು ಹೇಳಿದ್ದ ಗುರುತು ಹಿಡಿದು ಬಂದಿದ್ದಳಂತೆ. "ನಂದೇನೋ ತಗೊಂಡು ಹೋಗ್ಯಾರಲ್ಲ, ಹೆಂಗ ಬಂದೈತಿ ತೋರಿಸು ತಂಗಿ" ಅಂದಳು. ಯಶೋಧರಾ ತೋರಿಸಿದಳು. ದುರುಗಮ್ಮ ಮುಗಿಯುವ ತನಕ ಕಣ್ಣು ಕದಲಿಸದೆ ನೋಡಿದಳು.

"ಮಾರಿ ನಂದು. ಮಾತು ನಂದಲ್ಲ" ಅಂದಳು, ಪರದೆಯ ಮೇಲಿನ ತನ್ನ ಮುಖ ತೋರಿಸಿ.

"ನೀವ ಹೇಳಿದ್ದು ಅಕ್ಕ. ಸ್ವಲ್ಪ ಸಣ್ಣದು ಮಾಡೀವಿ ಅಷ್ಟ."

"ಸಣ್ಣದು ಮಾಡಿದ್ರ ತಕರಾರಿಲ್ಲ. ಔಷಧಿ ತಾನಾಗಿ ನಡಕೊಂಡು ಬಂತು ಅನ್ನೋಹಂಗ ಮಾಡಿರಲ್ಲ, ಅದಕ್ಕ ಹೇಳಾಕತ್ತೀನಿ. ಇದನ್ನ ಇನ್ನೊಂದು ಊರಾಗ ತೋರಿಸ್ತೀರಿ. ಅಲ್ಲಿ ಔಷಧಿ ಇರಲ್ಲ. ಅಲ್ಲಿಯ ಮಂದಿ ಏನಂತಾರ? ಈ ಮುದುಕಿ ಸುಳ್ಳಿ ಅಂತಾರ. ಹೆಂಗ ಕೇಳಬೇಕು, ಯಾರನ್ನ ಕೇಳಬೇಕು ಅಂತ ಒಂದು ಮಾತಾದ್ರೂ ಐತೇನು ಇದರಾಗ? ನಮ್ಮ ಮನಿಯವರ ಕಾಲು ಹೋತು ತಂಗಿ. ಅದನ್ನ ತಗದು ಕೊಳಲು ಊದೀರಿ."

ಮದುವೆ ವಿಡಿಯೋದಿಂದ ಜಗಳ ತೆಗೆದರೆ ಯಾರಿಗೂ ನಷ್ಟವಿಲ್ಲ. ಇಲ್ಲಿ ತಾನು ತೆಗೆದದ್ದು, ಬೇರೆಯವರಿಗೆ ದಾರಿ ತೋರಿಸುವ ಮಾತು ಎಂದು ಯಶೋಧರಾಗೆ ಅರ್ಥವಾಯಿತು. ದುರುಗಮ್ಮನನ್ನು ಕೂರಿಸಿಕೊಂಡು, ಚಹಾ ತರಿಸಿ, ಮತ್ತೆ ಮೊದಲಿನಿಂದ ಎಡಿಟಿಂಗ್ ಶುರು ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ನಾಲ್ಕೂವರೆ ನಿಮಿಷದ ಚಿತ್ರ ಸಿದ್ಧವಾಯಿತು. "ಇದ್ದಿಲ್ಲ" ಎಂಬ ಮಾತು ಉಳಿಯಿತು. ಹದಿನಾಲ್ಕು ಹೆಸರು ಉಳಿದವು. ರೇಣುಕಾರ ಪುಸ್ತಕವೂ ಉಳಿಯಿತು. ಕೊಳಲು ಹೋಯಿತು.

ಮಾರೇಶ್‌ಗೆ ಇದು ಹಿಡಿಸಲಿಲ್ಲ.

"ಅವರು ಹೇಳಿದಂಗ ಮಾಡಿ ಕೊಟ್ಟು ಕೈ ತೊಳಕೊ. ನಾಲ್ಕು ತಾಲೂಕಿನ ಕೆಲಸ ಹೋಗ್ತೈತಿ."

"ಹೋಗ್ಲಿ ಬಿಡ್ರಿ."

"ಕೇಳಿದ್ರ ಎಲ್ಲ ಕಡೆ ಬರ್ತೈತೇನು? ಆಕಿ ಪುಣ್ಯ, ಬಂತು. ನಮ್ಮ ಅವ್ವಂದು ಬಿ.ಪಿ. ಗುಳಿಗಿ ಒಂದು ಸಲ ಇಲ್ಲ ಅಂದ್ರು. ಆಮ್ಯಾಲ ನಾವು ಅತ್ಲಾಗ ಹೋಗೇ ಇಲ್ಲ."

"ಅದಕ್ಕ ನಮ್ಮ ಅತ್ತಿ ಹೆಸರು ಯಾವ ಪುಸ್ತಕದಾಗೂ ಇಲ್ಲ" ಅಂದಳು ಯಶೋಧರಾ. "ಔಷಧಿ ತರಿಸೋರ ಪಾಲಿಗೆ ನಿಮ್ಮ ಅವ್ವಗ ಬಿ.ಪಿ.ನೇ ಇಲ್ಲ."

ಸಂಜೆ ಸೋಮಶೇಖರ್ ಬಂದ. ಹೊಸ ಚಿತ್ರ ನೋಡಿ ಮುಖ ಗಂಟಿಕ್ಕಿಕೊಂಡ. "ಇದನ್ನ ನಾನು ಕೊಡೋಕಾಗಲ್ಲ. ಫೈಲ್ ಕೊಡ್ರಿ, ಬೇರೆಯವರ ಹತ್ರ ಕಟ್ ಮಾಡಿಸ್ತೀನಿ" ಅಂದ.

ಯಶೋಧರಾ ಕುರ್ಚಿಯಿಂದ ಏಳಲಿಲ್ಲ. "ಫೈಲ್ ನಿಮ್ದು, ತಗೊಳ್ರಿ. ಆದ್ರ ದುರುಗಕ್ಕ ಸಹಿ ಮಾಡಿದ ಒಪ್ಪಿಗಿ ಪತ್ರ ಓದೀರೇನು? ಮಾತಿನ ಅರ್ಥ ಕೆಡಿಸೋದಿಲ್ಲ ಅಂತ ನೀವ ಬರದೀರಿ. ಆಕಿ ಒಪ್ಪಿಗಿ ವಾಪಸ್ ತಗೊಳ್ತಾಳಂತ. ರೇಣುಕಾ ಮೇಡಂಗೂ ಫೋನ್ ಮಾಡಿದ್ದೆ. ತಮ್ಮ ಮಾತೂ ತಗೀರಿ ಅಂದ್ರು. ಉಳಿಯೋದು ಕಪಾಟು ಒಂದ."

"ನೀವು ನನ್ನ ಹೊಟ್ಟೆ ಮೇಲೆ ಹೊಡೀತಿದೀರಿ."

"ನಾನು ಯಾರಿಗೂ ಹೊಡದಿಲ್ಲ. ಮ್ಯಾಲಿನವರು ಬ್ಯಾಡ ಅಂತಾರ ಅಂತ ನೀವ ಅಂದ್ಕೊಂಡೀರಿ. ಅವರನ್ನ ಕೇಳೀರೇನು?"

ಅವನು ಕೇಳಿರಲಿಲ್ಲ.

ಎರಡು ದಿನ ಬಿಟ್ಟು ತಾಲೂಕು ಆರೋಗ್ಯಾಧಿಕಾರಿಗಳ ಕೋಣೆಯಲ್ಲಿ ಸೋಮಶೇಖರ್, ರೇಣುಕಾ ಸಹಿತ ಎಲ್ಲರೂ ಸೇರಿದರು. ಯಶೋಧರಾ ಎರಡೂ ಚಿತ್ರ ತೋರಿಸಿದಳು. ದುರುಗಮ್ಮ ಕಂಬಳಿ ಹೆಗಲ ಮೇಲೆ ಹಾಕಿಕೊಂಡು, ಕುರ್ಚಿ ಕೊಟ್ಟರೂ ಕೂರದೆ ನಿಂತೇ ಇದ್ದಳು. ಎರಡನೆಯ ಚಿತ್ರ ಮುಗಿದಾಗ ಅಧಿಕಾರಿ ಆಕೆಯ ಕಡೆ ನೋಡಿದರು.

"ಆಗ ಔಷಧಿ ಇರಲಿಲ್ಲ ಅಂತ ನಾಲ್ಕು ಜನರ ಮುಂದೆ ತೋರಿಸಿದರೆ ನಮಗೆ ಕೆಟ್ಟ ಹೆಸರು ಬರಲ್ವೇನಮ್ಮ?" ಎಂದು ಕೇಳಿದರು.

"ಇದ್ದಿಲ್ಲ ಅನ್ನೋದು ಮಂದಿಗೆ ಮೊದ್ಲ ಗೊತ್ತೈತ್ರಿ ಸಾಹೇಬ್ರ" ಅಂದಳು ದುರುಗಮ್ಮ. "ತರಿಸ್ಬೋದು ಅನ್ನೋದು ಗೊತ್ತಿಲ್ಲ. ನೀವು ಅದನ್ನ ಮುಚ್ಚಿಟ್ರ ನಿಮ್ಮ ಕೆಲಸಾನ ನೀವ ಮುಚ್ಚಿಟ್ಟಂಗ."

ಅಧಿಕಾರಿ ರೇಣುಕಾರ ಕಡೆ ತಿರುಗಿದರು. "ಆ ಹದಿನಾಲ್ಕು ಹೆಸರಿಲ್ಲದಿದ್ದರೆ, ಹೆಚ್ಚಿಗೆ ಔಷಧಿ ಬೇಕು ಅಂತ ನಾನು ಯಾವ ಕಾರಣ ಬರೀತಿದ್ದೆ? ಕಾರಣವೇ ಇರುತ್ತಿರಲಿಲ್ಲ. ಉದ್ದದ್ದನ್ನೇ ತೋರಿಸಿ. ಹಾವು ಕಡಿದರೆ ಏನು ಮಾಡಬೇಕು ಅನ್ನುವುದನ್ನೂ ಕೊನೆಗೆ ಸೇರಿಸಿ."

ಉಳಿದ ನಾಲ್ಕು ತಾಲೂಕಿನ ಕೆಲಸವನ್ನು ಸೋಮಶೇಖರ್ ಬೇರೆ ಎಡಿಟರ್‌ಗೆ ಕೊಟ್ಟ. ಯಶೋಧರಾ ಮತ್ತೆ ಮದುವೆ ವಿಡಿಯೋಗಳಿಗೆ ಕೂತಳು. ಆದರೆ ದುರುಗಮ್ಮನ ಚಿತ್ರ ಐದೂ ತಾಲೂಕು ತಿರುಗಿತು. ಅದನ್ನು ತಡೆಯುವುದು ಯಾರಿಂದಲೂ ಆಗಲಿಲ್ಲ. ಹೋದಲ್ಲೆಲ್ಲ ಜನ ಫೋನಿಗೆ ಹಾಕಿಸಿಕೊಂಡರು. ಚಿಗಟೇರಿಯ ಗ್ರಾಮಸಭೆಯಲ್ಲಿ ತೋರಿಸಿದ ದಿನ ಯಶೋಧರಾ ತನ್ನ ಅತ್ತೆ ಜೋಗಮ್ಮನನ್ನು, ಗಂಡನನ್ನು ಕರೆದುಕೊಂಡು ಹೋಗಿದ್ದಳು. ಚಿತ್ರ ಮುಗಿದ ಮೇಲೆ ಜೋಗಮ್ಮ ಮಗನಿಗೆ ಹೇಳಿದ್ದು ಒಂದೇ ಮಾತು: "ಆಕಿ ಕುರಿ ಬಿಟ್ಟು ಮೂರು ಸಲ ಹೋಗ್ಯಾಳ. ನೀನು ರಜಾ ಹಾಕಿ ಒಂದು ಸಲ ಬರ್ತೀಯೇನು?"

ಸೋಮವಾರ ಮಾರೇಶ್ ತಾಯಿಯೊಂದಿಗೆ ಸರ್ಕಾರಿ ಆಸ್ಪತ್ರೆಗೆ ಹೋದ. ಜೋಗಮ್ಮನ ಬಿ.ಪಿ. ಅಳೆದು ಹೆಸರು ಬರೆದುಕೊಂಡರು. ಎರಡು ಗುಳಿಗೆಗಳಲ್ಲಿ ಒಂದು ಸಿಕ್ಕಿತು. ಇನ್ನೊಂದಕ್ಕೆ, "ಇದು ಮುಗಿದೈತ್ರಿ" ಅಂದರು. ಮಾರೇಶ್ ಚೀಟಿ ಮಡಚಲಿಲ್ಲ.

"ಮುಗಿದೈತಿ ಅಂತ ಬರಕೊಳ್ರಿ. ನಮ್ಮ ಅವ್ವನ ಹೆಸರು, ಗುಳಿಗಿ ಹೆಸರು, ಇವತ್ತಿನ ತಾರೀಖು."

"ಅದನ್ನೆಲ್ಲ ನಾವು ಕಳಿಸ್ತೀವ್ರಿ."

"ಕಳಿಸ್ರಿ. ನಾನು ಕಣ್ಣಾರೆ ನೋಡಿ ಹೋಗ್ತೀನಿ. ಮತ್ತ ಯಾವಾಗ ಬರ್ಲಿ ಅಂತನೂ ಹೇಳ್ರಿ."

ಆತ ದನಿ ಎತ್ತಲಿಲ್ಲ, ಜಾಗವನ್ನೂ ಬಿಡಲಿಲ್ಲ. ಹಿಂದೆ ನಿಂತಿದ್ದ ಮುದುಕರೊಬ್ಬರು ತಮ್ಮ ಚೀಟಿ ಮುಂದೆ ಚಾಚಿದರು. "ನಂದೂ ಅದ ಗುಳಿಗಿ. ನನ್ನ ಹೆಸರೂ ಬರೀರಿ." ಅವರ ಹಿಂದಿನ ಹೆಂಗಸೂ ಹಾಗೆಯೇ ಅಂದಳು. ಆ ದಿನ ಊಟದ ಹೊತ್ತಿಗೆ ಒಂಬತ್ತು ಹೆಸರುಗಳಾದವು. ಮುಂದಿನ ತಿಂಗಳು ಗುಳಿಗೆ ಬಂತು. ಎಲ್ಲರಿಗೂ ಸಾಲಲಿಲ್ಲ. ಸಾಲದವರೂ ಬರೆಸಿಯೇ ಹೋದರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಆಸ್ಪತ್ರೆಯ ಔಷಧಿ ಯಾರೋ ಕೊಡುವ ದಾನವಲ್ಲ. ಅದನ್ನು ಖರೀದಿಸುವುದು ನಿಮಗಾಗಿ. ಹಾವು ಕಡಿದರೆ ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರಕ್ಕೆ ಹೊತ್ತು ಕಳೆಯಬೇಡಿ. ಕಡಿಸಿಕೊಂಡವರನ್ನು ಅಲುಗಾಡದಂತೆ ಮಲಗಿಸಿ 108ಕ್ಕೆ ಫೋನ್ ಮಾಡಿ, ಆಸ್ಪತ್ರೆ ಮುಟ್ಟಿಸಿ. ಬೇರೆ ಊರಿಗೆ ಒಯ್ದರೂ ಆಮೇಲೆ ನಿಮ್ಮ ಊರಿನ ಆಸ್ಪತ್ರೆಗೆ ತಿಳಿಸಿ. ಯಾವ ಔಷಧಿ ಸಿಗಲಿಲ್ಲವೋ ಅದರ ಹೆಸರು ಬರೆಸಿ. ಆರೋಗ್ಯ ರಕ್ಷಾ ಸಮಿತಿಯ ಸಭೆ ಯಾವಾಗ ಎಂದು ವಿಚಾರಿಸಿ, ಒಬ್ಬರೇ ಹೋಗದೆ ನಿಮ್ಮ ಸ್ವಸಹಾಯ ಸಂಘದ ನಾಲ್ಕು ಮಂದಿ ಸೇರಿ ಹೋಗಿ. "ನೋಡೋಣ" ಅಂದರೆ, "ಯಾವಾಗ ನೋಡ್ತೀರಿ?" ಎಂದು ಕೇಳಿ. ಉತ್ತರ ಸಿಗುವ ತನಕ ಕುರ್ಚಿ ಬಿಡಬೇಡಿ.