ಹಲ್ಲಿನ ಬಣ್ಣದ ಸಿಮೆಂಟು

ನೋವಿಲ್ಲದ ಹಲ್ಲು ಎಂದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ನಗುವವರು ನಗಲಿ. ತಲಘಟ್ಟಪುರದ ನನ್ನ ತವರಿನಲ್ಲಿ ತಮ್ಮ ಬೋರಣ್ಣ ಹಲ್ಲುನೋವಿನಿಂದ ಹಗಲೂ ರಾತ್ರಿ ಒದ್ದಾಡಿದ. ಒಂದು ದಿನ ನೋವು ತಾನಾಗಿಯೇ ನಿಂತಿತು. ವಾಸಿಯಾಯಿತೆಂದು ಅವ್ವ ಪಾಯಸ ಮಾಡಿದಳು. ಒಳಗೆ ಹಲ್ಲು ಸತ್ತು ಕೀವು ಕಟ್ಟಿದ್ದು ಯಾರಿಗೆ ಗೊತ್ತು? ಕೆನ್ನೆ ಊದಿ ಕಣ್ಣು ಮುಚ್ಚಿಹೋಯಿತು, ಜ್ವರ ನೆತ್ತಿಗೇರಿತು. ಆಸ್ಪತ್ರೆಗೆಂದು ಗಾಡಿ ಕಟ್ಟಿದೆವು. ಬನಶಂಕರಿ ಗುಡಿ ದಾಟುವ ಮೊದಲೇ ಹುಡುಗ ಹೋಗಿಬಿಟ್ಟ.

ಹೀಗಿರುವಾಗ, ಅರವತ್ತೊಂದರ ಬೇಸಿಗೆಯಲ್ಲಿ ನನ್ನ ಮಗಳು ಅಂಜನಿಯ ಎದುರುಹಲ್ಲಿನ ಸಂದಿಯಲ್ಲಿ ಕಪ್ಪು ತೂತು ಕಂಡರೆ ನಾನು ಸುಮ್ಮನಿರುತ್ತೇನೆಯೇ? ಇರುವವಳು ಅವಳೊಬ್ಬಳೇ. ನಮ್ಮತ್ತೆ ಸೊಣ್ಣಮ್ಮ, “ಒಂದು ಲವಂಗ ಕಡಿಸು, ಸರಿಹೋಯ್ತದೆ” ಎಂದರು. ನನ್ನ ಗಂಡ ಬೈರಣ್ಣ ಎಂದಿನಂತೆ ಬೀಡಿ ಹಚ್ಚಿಕೊಂಡು ಆಕಾಶ ನೋಡಿದರು. ಇಬ್ಬರಿಗೂ ಮನಸಾರೆ ಬೈದು, ಮಗಳ ರಟ್ಟೆ ಹಿಡಿದು ಯಡಿಯೂರಿನಿಂದ ಜಯನಗರಕ್ಕೆ ನಡೆದೆ. ನಮ್ಮವರ ಹೊಲಗಳೆಲ್ಲ ಆಗ ಅಲ್ಲಿ ಸೈಟುಗಳಾಗಿದ್ದವು, ಅಂಥ ಒಂದು ಹೊಸ ಮನೆಯ ಮುಂಗೋಣೆಯಲ್ಲೇ ಹಲ್ಲಿನ ಡಾಕ್ಟರು ಅನಂತರಾಮು ಕುರ್ಚಿ ಹಾಕಿಕೊಂಡಿದ್ದರು. ಕೊರೆಯುವ ಯಂತ್ರವನ್ನು ಕಾಲಿನಲ್ಲಿ ತುಳಿಯುತ್ತಿದ್ದರು, ದರ್ಜಿಯ ಹಾಗೆ.

“ಬೆಳ್ಳಿ ತುಂಬಿದ್ರೆ ನಕ್ಕಾಗ ಕರ್ರಗೆ ಕಾಣುತ್ತೆ. ಸಿಲಿಕೇಟ್ ಹಾಕೋಣ. ಹಲ್ಲಿನ ಬಣ್ಣದ್ದೇ ಸಿಮೆಂಟು” ಎಂದರು.

“ಸಿಮೆಂಟಾ? ಗೋಡೆಗೆ ಮೆತ್ತೋದಾ?”

“ಅದಲ್ಲಮ್ಮ. ಇದು ಒಂಥರಾ ಗಾಜಿನ ಪುಡಿ, ನುಣ್ಣಗೆ ಅರೆದಿರೋದು. ಈ ಬಾಟಲೀಲಿರೋದು ಆಸಿಡ್. ಎರಡೂ ಕಲೆಸಿದ್ರೆ ಕಲ್ಲಾಗುತ್ತೆ.”

ಅಯ್ಯೋ ಶಿವನೇ! ಗಾಜು, ಅದರ ಮೇಲೆ ಆಸಿಡ್, ಅದೂ ನನ್ನ ಮಗುವಿನ ಬಾಯಿಗೆ! ಅಕ್ಕಸಾಲಿಯ ಅಂಗಡಿಯಲ್ಲಿ ಆಸಿಡ್ ಬಿದ್ದ ಕಡೆ ಹೊಗೆಯೇಳುವುದನ್ನು ಕಂಡವಳು ನಾನು. ಎದ್ದು ಹೋಗೋಣವೆಂದರೆ ಆ ಕಪ್ಪು ತೂತು ಕಣ್ಣೆದುರಿಗೇ ಇತ್ತು. ಸೆರಗು ಬಾಯಿಗೆ ತುರುಕಿಕೊಂಡು ನಿಂತೆ.

ಡಾಕ್ಟರು ತೂತನ್ನು ಕೊರೆದು ಚೊಕ್ಕಟ ಮಾಡಿದರು. ಅದರ ತಳಕ್ಕೆ ಬಿಳಿ ಲೇಪವೊಂದನ್ನು ಹಚ್ಚುತ್ತಿದ್ದಾಗಲೇ ಅಂಜನಿ ತಲೆ ಒದರಿದಳು. ಡಾಕ್ಟರ ಹುಬ್ಬು ಗಂಟಾಯಿತು. ಆಮೇಲೆ ಹೂಜಿಯ ನೀರಿನಲ್ಲಿ ತಂಪು ಮಾಡಿಟ್ಟಿದ್ದ ದಪ್ಪ ಗಾಜಿನ ಹಲಗೆಯನ್ನು ಒರೆಸಿ, ಅದರ ಮೇಲೆ ಪುಡಿ ಸುರಿದು ಆಸಿಡ್ ತೊಟ್ಟಿಕ್ಕಿಸಿದರು. ಮೂಳೆಯ ಕಡ್ಡಿಯಿಂದ ಸರಸರನೆ ಕಲೆಸಿದರು. ಉಕ್ಕಿನದಾದರೆ ಆ ಪುಡಿ ಉಕ್ಕನ್ನೇ ತೇಯ್ದು ಬೂದುಬಣ್ಣ ಮಾಡಿಕೊಳ್ಳುತ್ತದಂತೆ. ಉಕ್ಕನ್ನೇ ತೇಯುವ ಪುಡಿ ನನ್ನ ಮಗುವಿನ ಹಲ್ಲನ್ನು ಬಿಟ್ಟೀತೇ? ಹಿಟ್ಟನ್ನು ತೂತಿಗೆ ತುಂಬಿ, ಫಿಲ್ಮಿನಂಥ ತೆಳ್ಳನೆಯ ಸೆಲ್ಯುಲಾಯಿಡ್ ಪಟ್ಟಿ ಬಿಗಿದೆಳೆದು, ಅದು ಗಟ್ಟಿಯಾಗುವವರೆಗೂ ಅಲ್ಲಾಡದೆ ಹಿಡಿದರು. ಕೊನೆಗೆ ಒಣಗದಿರಲೆಂದು ವ್ಯಾಸಲಿನ್ ಸವರಿದರು. ತೂತೆಲ್ಲಿ, ಹಲ್ಲೆಲ್ಲಿ ಎಂದು ನನಗೇ ಗುರುತು ಸಿಗಲಿಲ್ಲ.

ಅಬ್ಬ ಎನ್ನುವಷ್ಟರಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. “ನೋಡಿ ಲಕ್ಷ್ಮಮ್ಮ, ಪೂರ್ತಿ ಗಟ್ಟಿಯಾಗೋವರೆಗೂ ಆಸಿಡ್ ಒಳಗಡೆ ಕಚ್ಚುತ್ತೆ. ಅದಕ್ಕೇ ತಳಕ್ಕೆ ಆ ಬಿಳಿ ಕಾಪು ಹಚ್ಚಿದ್ದು. ಮಗು ಅಲ್ಲಾಡಿದ್ಲಲ್ಲ, ಮೂಲೇಲಿ ಎಲ್ಲಾದ್ರೂ ಬಿಟ್ಟುಹೋಗಿದ್ರೆ ನರ ಸಾಯಬಹುದು. ಇವತ್ತೇ ಮತ್ತೆ ಕೊರೆಯೋದು ಇನ್ನೂ ಕೆಟ್ಟದ್ದು. ದಿನಾ ಒಂಚೂರು ಐಸ್ ಮುಟ್ಟಿಸಿ. ಚುಳುಕ್ ಅಂದ್ರೆ ಹಲ್ಲಿಗೆ ಜೀವ ಇದೆ. ಏನೂ ಅನ್ನಿಸ್ದೆ ಹೋದ್ರೆ ಕರ್ಕೊಂಡ್ ಬನ್ನಿ.”

ಏನೂ ಅನ್ನಿಸದೆ ಹೋದರೆ! ಬೋರಣ್ಣನಿಗೂ ಏನೂ ಅನ್ನಿಸಿರಲಿಲ್ಲ. ದಾರಿಯುದ್ದಕ್ಕೂ ಅವಳ ಕೆನ್ನೆ ಮುಟ್ಟಿ ನೋಡುತ್ತಲೇ ಬಂದೆ.

ಮರುದಿನ ಸೋಡಾ ಅಂಗಡಿಯಿಂದ ಮರದ ಹೊಟ್ಟು ಮೆತ್ತಿದ ಐಸಿನ ತುಂಡು ತಂದು, ತೊಳೆದು, ಹಲ್ಲಿಗಿಟ್ಟೆ.

“ನೋಯ್ತೈತಾ?”

“ಇಲ್ಲವ್ವ.”

“ಚುಳುಕ್ ಅಂತೈತಾ?”

“ಊಹ್ಞೂಂ.”

ಅದರ ಮರುದಿನವೂ ಇಲ್ಲ, ಆಮೇಲೂ ಇಲ್ಲ. ಮಗು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂರುತ್ತಿತ್ತು. ಐಸು ತಣ್ಣಗಿರುತ್ತದಲ್ಲ, ಅದಕ್ಕೇ ಎಂದುಕೊಂಡೆ. ನಿಮಿಷಕ್ಕೊಮ್ಮೆ ಅವಳ ಹಣೆ ಮುಟ್ಟಿದೆ, ಕೆನ್ನೆ ಒತ್ತಿದೆ, ಕಣ್ಣಿನ ಕೆಳಗೆ ಊದಿದೆಯೇ ಎಂದು ಬಿಸಿಲಿಗೆ ನಿಲ್ಲಿಸಿ ನೋಡಿದೆ. “ನಿಂಗೆಲ್ಲೋ ಗಾಳಿ ಸೋಕೈತೆ” ಎಂದರು ನಮ್ಮತ್ತೆ. ಸೋಕಲಿ. ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ, “ತಾಯಿ, ನನ್ನ ಮಗೀಗೆ ನೋವು ಕೊಡು” ಎಂದು ಅಡ್ಡಬಿದ್ದೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ದುರುಗುಟ್ಟಿಕೊಂಡು ನೋಡಿ ದೂರ ಸರಿದಳು. ಹೆತ್ತವಳು ಕೇಳುವ ವರವೇ ಅದು? ಆದರೆ ನನಗೆ ಬೇರೆ ಯಾವ ವರವೂ ಬೇಕಿರಲಿಲ್ಲ.

ಕೊನೆಗೊಂದು ದಿನ ತುಟಿ ಬಿಳಿಚುವ ತನಕ ಐಸನ್ನು ಒತ್ತಿ ಹಿಡಿದೆ. “ಏನಾದ್ರೂ ಅನ್ನೇ ಮುಂಡೇದೆ!” ಎಂದು ಕಿರುಚಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು ಅಷ್ಟೆ. ಅವಳನ್ನು ಹೊತ್ತುಕೊಂಡೇ ಜಯನಗರಕ್ಕೆ ಓಡಿದೆ.

ಡಾಕ್ಟರೂ ಐಸ್ ಇಟ್ಟು ಕೇಳಿದರು. “ಇಲ್ಲ” ಎಂದಳು. ಅವರ ಮುಖ ಸಪ್ಪಗಾಯಿತು. “ಸತ್ತಿರೋ ಹಾಗಿದೆ. ಹಿಂದಿನಿಂದ ಸ್ವಲ್ಪ ಕೊರೆದು ನೋಡ್ತೀನಿ. ಸತ್ತ ಹಲ್ಲಿಗೆ ಮರಗಟ್ಟೋ ಸೂಜಿ ಬೇಡ, ಗೊತ್ತೇ ಆಗಲ್ಲ. ಜೀವ ಇದ್ರೆ ಕೂಗ್ತಾಳೆ” ಎಂದು ಯಂತ್ರ ತುಳಿದರು.

ಗರಗರ ಸದ್ದು ಶುರುವಾಯಿತು. ನಾನು ಅವಳ ಕೈ ಹಿಡಿದು ಅವಳ ಬಾಯನ್ನೇ ನೋಡುತ್ತಿದ್ದೆ. ಕೂಗು ಕಂದ, ಕೂಗು. ಕೂಗಲಿಲ್ಲ. ನನ್ನ ತಮ್ಮನ ಊದಿದ ಮುಖ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಅಂಗೈ ಚುರ್ರೆಂದಿತು. ಅವಳ ಉಗುರು ನನ್ನ ಚರ್ಮದೊಳಕ್ಕೆ ಇಳಿದು ರಕ್ತ ಬಂದಿತ್ತು. ಅವಳ ಇಡೀ ಮೈ ಗಡಗಡ ನಡುಗುತ್ತಿತ್ತು.

“ನಿಲ್ಸಿ ಸೋಮಿ! ನಿಲ್ಸಿ!”

ಯಂತ್ರ ನಿಂತಿತು. “ಅಂಜಿ, ನಿಜ ಹೇಳು. ನೋಯ್ತೈತಾ?”

ಅವಳು ಡಾಕ್ಟರ ಕಡೆ ಹೆದರಿ ನೋಡಿ ನನ್ನ ಕಿವಿಗೆ ಬಗ್ಗಿದಳು. “ನೋವು ಅಂದ್ರೆ ಇವರು ಹಲ್ಲೇ ಕಿತ್ತಾಕ್ತಾರಂತೆ. ಅಜ್ಜಿ ಹೇಳ್ತು.”

“ಮತ್ತೆ ಐಸ್ ಇಟ್ಟಾಗ?”

“ನೋವಾಯ್ತಿತ್ತು. ದಿನಾ ನೋವಾಯ್ತಿತ್ತು.” ಅಷ್ಟು ಹೇಳಿದ್ದೇ ತಡ, ಕಟ್ಟೆ ಒಡೆದ ಹಾಗೆ ಅಳತೊಡಗಿದಳು.

ಬದುಕಿದೆ! ಹಲ್ಲು ಬದುಕಿದೆ, ಮಗಳು ಬದುಕಿದ್ದಾಳೆ! ಡಾಕ್ಟರು ಉಸ್ಸೆಂದು ಸ್ಟೂಲಿನ ಮೇಲೆ ಕೂತರು. ನಾನು ನೆಲಕ್ಕೆ ಕುಸಿದು ಗಹಗಹಿಸಿ ನಗುತ್ತಿದ್ದೆ, ನಗು ನಿಲ್ಲಿಸಲಾಗಲಿಲ್ಲ. ಅಂಜನಿ ಅಳು ನುಂಗಿ ನನ್ನನ್ನೇ ನೋಡಿದಳು.

“ನಂಗೆ ನೋವಾದ್ರೆ ನಿಂಗ್ಯಾಕವ್ವ ಇಷ್ಟು ಖುಸಿ?”

ತಬ್ಬಿಕೊಳ್ಳೋಣವೆಂದು ಎದ್ದು ಕೈ ಚಾಚಿದೆ. ಅವಳು ಥಟ್ಟನೆ ಹಿಂದಕ್ಕೆ ಸರಿದು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ನಾನು ಅಂಗೈ ಎರಡನ್ನೂ ಬಿಚ್ಚಿ ತೋರಿಸಿ, “ಐಸು ತಂದಿಲ್ಲ ಕಣವ್ವ, ನೋಡು” ಎಂದೆ. ಅವಳು ಎರಡನ್ನೂ ಮುಟ್ಟಿ ನೋಡಿ, ಆಮೇಲೆ ಬಂದಳು.