ಇಪ್ಪತ್ತೊಂಬತ್ತನೇ ಹಾಜರಿ

ನಾನು ರಜೆ ಮುಗಿಸಿ ಶಾಲೆಗೆ ವಾಪಸು ಬಂದ ದಿನ ಎರಡನೇ ತರಗತಿಯ ಇಪ್ಪತ್ತೆಂಟು ಮಕ್ಕಳೂ ತುಟಿಪಿಟಕ್ಕೆನ್ನದೆ ಕೂತಿದ್ದರು. ಸಂಗೀತದ ಕೋಣೆಯಲ್ಲಿ ಮಕ್ಕಳು ಹಾಗೆ ಕೂತದ್ದನ್ನು ಹನ್ನೊಂದು ವರ್ಷದಲ್ಲಿ ನಾನು ಕಂಡಿರಲಿಲ್ಲ. ಕಪಾಟಿನ ಬಾಗಿಲು ತೆರೆದೇ ಇತ್ತು, ಗಿಲಕಿಗಳ ಬುಟ್ಟಿ ಕೈಗೆಟುಕುವಲ್ಲೇ ಇತ್ತು, ಒಬ್ಬರೂ ಮುಟ್ಟಿರಲಿಲ್ಲ. ಬೇರೆ ಕಾಲದಲ್ಲಾದರೆ ಎಲ್ಲರಿಗೂ ಒಟ್ಟಿಗೆ ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದೆ. ಆವತ್ತು ಕುರ್ಚಿ ಎಳೆದು ಕೂತೆ, ಹಾಜರಿ ಪುಸ್ತಕ ತೆಗೆದೆ.

ನನಗೆ ಆಗ ಏನೂ ಅನ್ನಿಸುತ್ತಿರಲಿಲ್ಲ. ಎಂಟನೇ ತಿಂಗಳಲ್ಲಿ ನನ್ನ ಮಗು ಹೊಟ್ಟೆಯಲ್ಲೇ ಸತ್ತು ಏಳು ವಾರವಾಗಿತ್ತು. ಎಲ್ಲರೂ ಅದನ್ನು ದುಃಖ ಅನ್ನುತ್ತಿದ್ದರು. ದುಃಖವಾದರೂ ಎಷ್ಟೋ ವಾಸಿ, ಅಳಬಹುದು. ಇದು ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗೆ. ದವಡೆ ನಮ್ಮದೇ, ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಬಸ್ಸಿನಲ್ಲಿ ಕಾಲು ತುಳಿದವರು ಕ್ಷಮೆ ಕೇಳಿದಾಗಲೇ ನನ್ನ ಕಾಲು ತುಳಿದಿದ್ದಾರೆಂದು ತಿಳಿಯುತ್ತಿತ್ತು.

ನಾನು ಮಕ್ಕಳನ್ನು ಬೈಯುವವಳಲ್ಲ. ಅದೇನು ದೊಡ್ಡ ಗುಣವಲ್ಲ. ಬೈದರೆ ಗಂಟಲು ಕೂರುತ್ತದೆ, ಗಂಟಲು ಕೂತರೆ ನನ್ನ ಹೊಟ್ಟೆಪಾಡೇ ಕೂರುತ್ತದೆ. ಅದಕ್ಕೇ ಆಟ ಹೂಡುತ್ತೇನೆ. ನಾನು ಎರಡು ಚಪ್ಪಾಳೆ ತಟ್ಟಿದರೆ ಅವರು ಮೂರು ತಟ್ಟಿ ಕೈಕಟ್ಟಬೇಕು. ಕೀಬೋರ್ಡಿನ ಎಡತುದಿಯ ಕೀ ಒತ್ತಿದರೆ ಎಲ್ಲಿದ್ದವರು ಅಲ್ಲೇ ಕಲ್ಲಾಗಬೇಕು. ಸರದಿ ತಪ್ಪಿ ಬಾರಿಸಿದ ವಾದ್ಯ ಮುಂದಿನ ವಾರದ ತನಕ ಕಪಾಟಿನಲ್ಲಿ. ಇದ್ಯಾವುದಕ್ಕೂ ಬಗ್ಗದಿದ್ದರೆ ಕೊನೆಗೆ ಮುಂಗೋಪಿ ಬರುತ್ತಾನೆ. ಮುಂಗೋಪಿ ಎಂದರೆ ನನ್ನ ಗಂಡನ ಹಳೇ ಕಾಲುಚೀಲ, ಕಣ್ಣಿಗೆ ಎರಡು ಗುಂಡಿ. ಸದ್ದು ಹೆಚ್ಚಾದರೆ ಅವನು ನನ್ನ ಕಂಕುಳಲ್ಲಿ ಮುಖ ಮುಚ್ಚಿಕೊಳ್ಳುತ್ತಾನೆ. ಅವನನ್ನು ಹೊರಗೆ ಕರೆಯಲು ಮಕ್ಕಳು ಪಿಸುಪಿಸು ಹಾಡಬೇಕು.

ಹಾಜರಿಯೂ ಹಾಡಿನಲ್ಲೇ. ನಾನು 'ಒಂದು' ಎಂದು ರಾಗ ಎಳೆದರೆ ಮೊದಲನೆಯವನು ಅದೇ ರಾಗದಲ್ಲಿ 'ಇದ್ದೀನಿ' ಅನ್ನಬೇಕು. ಹೊಟ್ಟೆ ಮುಂದೆ ಬಂದ ಮೇಲೆ ಅದನ್ನೂ ಆಟಕ್ಕೆ ಸೇರಿಸಿಕೊಂಡೆ. ಕೈಗೆ ಸಿಕ್ಕಿದ್ದನ್ನೆಲ್ಲ ಆಟದ ಸಾಮಾನು ಮಾಡುವುದು ನನ್ನ ಹುಟ್ಟುಗುಣ. ಇಪ್ಪತ್ತೆಂಟರ ನಂತರ 'ಇಪ್ಪತ್ತೊಂಬತ್ತು?' ಎಂದು ಹಾಡುತ್ತಿದ್ದೆ. ಇಡೀ ತರಗತಿ ನನ್ನ ಹೊಟ್ಟೆಯತ್ತ ಬೆರಳು ಮಾಡಿ, ಸೂರು ಹಾರಿಹೋಗುವಂತೆ 'ಒಳಗಿದೆ!' ಎಂದು ಕೂಗುತ್ತಿತ್ತು. ಗಲಾಟೆ ಮಿತಿಮೀರಿದರೆ "ಅಯ್ಯೋ" ಎಂದು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. "ಒದೀತು ನೋಡಿ. ಪಾಪುಗೆ ಸಿಟ್ಟು ಬಂದಿದೆ." ತಕ್ಷಣ ಎಲ್ಲರ ಬಾಯಿಗೂ ಬೀಗ. ಮುಂಗೋಪಿಗಿಂತ ಇದೇ ಚೆನ್ನಾಗಿ ನಡೆಯುತ್ತಿತ್ತು.

ವಾಪಸು ಬಂದ ದಿನ ಹಾಜರಿಯನ್ನು ಹಾಡದೆ ಓದಿದೆ. ಇಪ್ಪತ್ತೆಂಟಕ್ಕೆ ಪುಸ್ತಕ ಮುಚ್ಚಿದೆ. ಪಾಪು ಎಲ್ಲಿ ಎಂದು ಯಾರೂ ಕೇಳಲಿಲ್ಲ. ನಾನಿಲ್ಲದಾಗ ಡ್ರಿಲ್ ಮೇಷ್ಟ್ರು ಅವರಿಗೆ, "ಮಿಸ್‌ಗೆ ಪಾಪು ಇಲ್ಲ. ಆ ವಿಷಯ ಯಾರೂ ಎತ್ತಬಾರದು" ಎಂದಷ್ಟೇ ಹೇಳಿ ಕೈತೊಳೆದುಕೊಂಡಿದ್ದರಂತೆ. ಅವರ ಮೇಲೆ ನನಗೆ ಕೋಪವಿಲ್ಲ. ಮಗು ಸತ್ತಿತೆಂಬ ಮಾತನ್ನು ನಾನೇ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಎರಡು ವಾರ ಹಾಗೇ ಹೋಯಿತು. ನಮ್ಮ ಹೆಡ್ ಮೇಡಂಗೆ ಖುಷಿಯೋ ಖುಷಿ. ಮೊದಲು ನನ್ನ ಕೋಣೆಯ ಪಕ್ಕ ಹಾದುಹೋಗುವಾಗ ಕಿವಿ ಮುಚ್ಚಿಕೊಳ್ಳುತ್ತಿದ್ದ ಹೆಂಗಸು, ಈಗ ಬೇರೆ ಟೀಚರುಗಳನ್ನು ಬಾಗಿಲ ತನಕ ಕರೆತಂದು ತೋರಿಸತೊಡಗಿದರು.

"ಸೂಜಿ ಬಿದ್ದರೂ ಕೇಳ್ಸುತ್ತೆ ನೋಡ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮಾ ಮಂತ್ರ ಹಾಕಿದ್ದೀಯ? ನಿನ್ನ ಆಟಗಳನ್ನೆಲ್ಲ ಒಂದು ಹಾಳೇಲಿ ಬರ್ಕೊಡು. ಶನಿವಾರ ಮೀಟಿಂಗಲ್ಲಿ ಎಲ್ಲರಿಗೂ ಹಂಚೋಣ" ಎಂದರು.

"ಆಗಲಿ ಮೇಡಂ" ಎಂದೆ.

ಆ ಮಕ್ಕಳು ಹಾಡುತ್ತಿರಲಿಲ್ಲ, ಬರೀ ತುಟಿ ಆಡಿಸುತ್ತಿದ್ದರು. ಇಪ್ಪತ್ತೆಂಟು ಬಾಯಿಂದ ಬರುತ್ತಿದ್ದ ಸದ್ದು ಪಕ್ಕದ ಕೋಣೆಯ ಫ್ರಿಜ್ಜಿನ ಸದ್ದಿಗಿಂತ ದೊಡ್ಡದಿರಲಿಲ್ಲ. ನನಗೆ ಅದು ಗೊತ್ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಾಗಿತ್ತು, ನನಗೂ ಅದೇ ಬೇಕಿತ್ತು. ಮೂರನೇ ಸಾಲಿನಲ್ಲಿ ಗುಡುಗು ತನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದಳು. ಆ ಹೆಸರು ಇಟ್ಟವಳು ನಾನೇ. ಮುಷ್ಟಿಯಷ್ಟಿದ್ದ ಆ ಹುಡುಗಿ ಡ್ರಮ್ಮಿನ ಮುಂದೆ ನಿಂತರೆ ಕಿಟಕಿಯ ಗಾಜು ಅದುರುತ್ತಿತ್ತು. ಅವಳ ಮಾತು ಕಾರಿಡಾರಿನ ಆ ತುದಿಗೆ ಕೇಳುತ್ತಿತ್ತು. ಈಗ ಹೆಸರು ಕೂಗಿದರೆ ತಲೆಯಾಡಿಸುತ್ತಿದ್ದಳು, ಅಷ್ಟೇ. ನಾನು ಸರಿ ಗುರುತು ಹಾಕಿ ಮುಂದಿನ ಹೆಸರಿಗೆ ಹೋಗುತ್ತಿದ್ದೆ.

ಗುರುವಾರ ಊಟದ ಬಿಡುವಿನಲ್ಲಿ ಗುಡುಗಿನ ತಾಯಿ ಬಂದಳು. ಹೊಲಿಗೆ ಅಂಗಡಿಯವಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಸೆರಗಿಗೆ ದಾರದ ಚೂರುಗಳು ಅಂಟಿದ್ದವು. ಆರು ತಿಂಗಳ ಬಸುರಿ. ನಾನು ಅವಳ ಮುಖ ನೋಡಿದೆ, ಆಮೇಲೆ ಟೇಪು ನೋಡಿದೆ, ಅದಕ್ಕಿಂತ ಕೆಳಗೆ ನೋಡಲಿಲ್ಲ.

"ಕೂತ್ಕೊಳ್ಳಿ" ಎಂದೆ.

"ಇಲ್ಲ ಮಿಸ್, ಅಂಗಡೀಲಿ ಗಿರಾಕಿ ಕಾಯ್ತಿದ್ದಾರೆ." ಆದರೂ ಮಕ್ಕಳ ಪುಟ್ಟ ಬೆಂಚಿನ ಮೇಲೆ ಕೂತಳು. "ನಮ್ಮ ಹುಡುಗಿ ಶಾಲೇಲಿ ಮಾತಾಡ್ತಾಳಾ?"

"ಕಡಿಮೆ."

"ಮನೇಲಿ ಒಂದು ಅಕ್ಷರ ಇಲ್ಲ ಮಿಸ್. ಬೆರಳ ತುದೀಲಿ ನಡೀತಾಳೆ. ಬಾಗಿಲು ಹಾಕೋಕೆ ಬಿಡಲ್ಲ, ಸದ್ದಾಗುತ್ತಂತೆ. ಅವಳಪ್ಪ ಪಾಪ, ಸೀನು ಬಂದ್ರೆ ಬೀದಿಗೆ ಓಡ್ತಾರೆ." ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದಳು. "ನಿನ್ನೆ ನಾನು ಹೊಲಿಗೆ ಮಿಷನ್ ತುಳೀತಿದ್ದೆ. ಬಂದವಳೇ ಗಾಲೀನ ಎರಡು ಕೈಯಲ್ಲಿ ಹಿಡ್ಕೊಂಡು ನಿಲ್ಲಿಸಿಬಿಟ್ಲು. ಬೆರಳು ಸಿಕ್ಕಿದ್ರೆ ಏನು ಗತಿ? ಒಂದು ಏಟು ಕೊಟ್ಟೆ. ಅವಳು ಅಳೋದನ್ನೂ ಬಾಯಿ ಮುಚ್ಕೊಂಡೇ ಅಳ್ತಾಳೆ ಮಿಸ್. ಆಮೇಲೆ ರಮಿಸಿ ಕೇಳಿದ್ದಕ್ಕೆ ಕಿವೀಲಿ ಹೇಳಿದ್ಲು."

"ಏನಂತ?"

ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ತಪ್ಪು ತಿಳೀಬೇಡಿ. 'ಗಲಾಟೆ ಮಾಡಿದ್ರೆ ಪಾಪು ಬರಲ್ಲ. ಮಿಸ್ ಪಾಪು ನನ್ನಿಂದಾನೇ ಬರಲಿಲ್ಲ. ನಿನ್ನ ಪಾಪು ಬರಲಿ' ಅಂದ್ಲು."

ನನ್ನ ಎದೆ ಧಸಕ್ಕೆಂದಿರಬೇಕಿತ್ತು. ಅನ್ನಲಿಲ್ಲ. ನೆನಪು ಮಾತ್ರ ಸರಿಯಾಗಿ ಬಂತು. ರಜೆಗೆ ಮುಂಚಿನ ಕೊನೆಯ ಶುಕ್ರವಾರ, ಡ್ರಮ್ಮಿನ ದಿನ, ಕೊನೇ ಪೀರಿಯಡ್ಡು. ಗುಡುಗು ಶುರುಮಾಡಿದಳು, ಉಳಿದವರು ಕೈಗೆ ಸಿಕ್ಕಿದ್ದರಲ್ಲಿ ಸೇರಿಕೊಂಡರು. ಚಪ್ಪಾಳೆ ನಡೆಯಲಿಲ್ಲ, ಕಲ್ಲಾಗುವ ಕೀಬೋರ್ಡಿನ ಸ್ವರ ಕೇಳಿಸಲೇ ಇಲ್ಲ, ಮುಂಗೋಪಿಯನ್ನು ಒಬ್ಬರೂ ನೋಡಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ಹೇಳಿದ್ದೆ: "ಹೀಗೆ ಗಲಾಟೆ ಮಾಡಿದ್ರೆ ಪಾಪು ನಮ್ಮ ಹತ್ರ ಬರೋದೇ ಇಲ್ಲ, ನೋಡ್ತಿರಿ!" ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ. ಭಾನುವಾರ ಒದೆತ ನಿಂತಿತು. ಸೋಮವಾರ ಆಸ್ಪತ್ರೆ.

"ನಾನೇ ಹಾಗಂದಿದ್ದೆ" ಎಂದೆ. "ತಮಾಷೆಗೆ."

ಅವಳು ಸೆರಗಿನಿಂದ ದಾರದ ಚೂರೊಂದನ್ನು ಕಿತ್ತಳು. ಬೈದಿದ್ದರೆ ಚೆನ್ನಾಗಿತ್ತು. "ನಾನು ಎಷ್ಟು ಹೇಳಿದ್ರೂ ನಂಬಲ್ಲ" ಎಂದಳು. "ಮಿಸ್ ಹೇಳಿದ್ದು ಅಂತಾಳೆ. ನೀವೇ ಒಂದು ಮಾತು..." ಎದ್ದು ನಿಲ್ಲಲು ಕಷ್ಟಪಟ್ಟಳು. ಕೈಕೊಟ್ಟು ಎಬ್ಬಿಸಿದೆ. ಆಗ ಹೊಟ್ಟೆ ನನ್ನ ಮೊಣಕೈಗೆ ತಗುಲಿತು. ಗಟ್ಟಿಯಾಗಿತ್ತು. ಅಷ್ಟೇ ಅನ್ನಿಸಿದ್ದು.

ಮಾರನೇ ಬೆಳಿಗ್ಗೆ ಚಹಾ ಕುಡಿಯುವಾಗ ಗಂಡನಿಗೆ ಹೇಳಿದೆ. ಅವನು ಲಿಫ್ಟ್ ರಿಪೇರಿ ಮಾಡುವವನು, ಕಡಿಮೆ ಮಾತಿನವನು. ಒಂಬತ್ತು ವಾರದಿಂದ ನಾವಿಬ್ಬರೂ ಅದನ್ನು 'ಆ ವಿಷಯ' ಎಂದೇ ಕರೆಯುತ್ತ, ಅದರ ಸುತ್ತ ದಾರಿ ಬಿಟ್ಟು ಓಡಾಡುತ್ತಿದ್ದೆವು. ತೊಟ್ಟಿಲಿನ ಬಿಡಿಭಾಗಗಳು ಬೀರುವಿನ ಹಿಂದೆ ಇದ್ದವು.

"ಏನಂತ ಹೇಳ್ತೀಯಾ ಅವರಿಗೆ?" ಎಂದ.

"ಸತ್ತುಹೋಯ್ತು ಅಂತ."

ಅವನ ಲೋಟ ಅರ್ಧ ದಾರಿಯಲ್ಲಿ ನಿಂತಿತು. ಆ ಮನೆಯಲ್ಲಿ ಆ ಮಾತು ಕೇಳಿಸಿದ್ದು ಅದೇ ಮೊದಲು. "ಹೇಳು" ಎಂದ, ಲೋಟ ಕೆಳಗಿಟ್ಟು. "ಯಾರಾದ್ರೂ ಹೇಳ್ಬೇಕು."

ಶುಕ್ರವಾರ, ಕೊನೇ ಪೀರಿಯಡ್ಡು. ಇಪ್ಪತ್ತೆಂಟು ಜನ ಕೈಕಟ್ಟಿ ಕೂತಿದ್ದರು. ನಾನು ಕುರ್ಚಿ ಬಿಟ್ಟು ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ಕೂತೆ. ಮುಂಗೋಪಿಯನ್ನು ಕೈಗೆ ಹಾಕಿಕೊಂಡು ಅವನ ಬಾಯಿಂದ ಹೇಳಿಸೋಣ ಎಂದುಕೊಂಡಿದ್ದೆ. ಹಾಕಿಕೊಂಡ ಮೇಲೆ ನಾಚಿಕೆಯಾಯಿತು. ಈ ಎಡವಟ್ಟೆಲ್ಲ ಇಂಥ ಆಟದಿಂದಲೇ ಆದದ್ದು. ಕಾಲುಚೀಲವನ್ನು ತೆಗೆದು ಪಕ್ಕದಲ್ಲಿಟ್ಟೆ.

"ನಮ್ಮ ಪಾಪು ಸತ್ತುಹೋಯ್ತು" ಎಂದೆ.

ಮುಂದಿನ ಸಾಲಿನವರು ನನ್ನ ಹೊಟ್ಟೆಯತ್ತ ನೋಡಿದರು.

"ಹೊಟ್ಟೆ ಒಳಗೇ ಸತ್ತುಹೋಯ್ತು. ಯಾಕೆ ಅಂತ ಡಾಕ್ಟರಿಗೂ ಗೊತ್ತಾಗಲಿಲ್ಲ. ಗಲಾಟೆಯಿಂದ ಯಾವ ಪಾಪೂ ಸಾಯಲ್ಲ. ನಾನು ಕೇಳಿದೀನಿ, ಡಾಕ್ಟರನ್ನ." ಇದು ನಿಜ. ಆಸ್ಪತ್ರೆಯಲ್ಲಿ ನಾನು ಕೇಳಿದ ಒಂದೇ ಪ್ರಶ್ನೆ ಅದು: ಸದ್ದಿನ ಕೋಣೆಯಲ್ಲಿ ಕೆಲಸ ಮಾಡಿದ್ದಕ್ಕೆ ಹೀಗಾಯಿತೇ ಎಂದು. ಅಲ್ಲ ಎಂದಿದ್ದರು. ನಾನೂ ಅದನ್ನು ನಂಬಿರಲಿಲ್ಲ, ಗುಡುಗಿನ ಹಾಗೆಯೇ. "ಆವತ್ತು ನಾನು ಹೇಳಿದ್ದು ಸುಳ್ಳು. ನೀವು ಸುಮ್ಮನಾಗಲಿ ಅಂತ ಸುಳ್ಳು ಹೇಳಿದೆ. ತಪ್ಪು ನನ್ನದು."

ಮುಂದಿನ ಸಾಲಿನ ಹಲ್ಲುಬಿದ್ದವನು ಕೈಯೆತ್ತಿದ. "ಹುಡುಗೀನಾ, ಹುಡುಗನಾ?"

"ಹುಡುಗಿ."

ಆಗ ಮೂರನೇ ಸಾಲಿನಿಂದ, ಇರುವೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಗುಡುಗು ಕೇಳಿದಳು: "ಮತ್ತೆ ಸಿಟ್ಟಲ್ಲಿ ಒದೀತಿತ್ತಲ್ಲ ಮಿಸ್?"

ಇದಕ್ಕೆ ಹೊಸ ಆಟ ಹೂಡುವಂತಿರಲಿಲ್ಲ. ಹಾಗಾಗಿ ನಿಜವನ್ನೇ ಹೇಳಬೇಕಾಯಿತು.

"ಸಿಟ್ಟಲ್ಲಿ ಅಲ್ಲ ಪುಟ್ಟಾ. ಅದನ್ನೂ ನಾನೇ ಕಟ್ಟಿ ಹೇಳಿದ್ದು. ಮನೇಲಿ ಅವಳು ಸುಮ್ಮನೆ ಇರ್ತಿದ್ಲು. ಬಸ್ಸಲ್ಲೂ ಸುಮ್ಮನೆ. ಇಲ್ಲಿಗೆ ಬಂದ್ರೆ, ನೀನು ಡ್ರಮ್ ಬಾರಿಸಿದ್ರೆ, ಆಗ ಕುಣೀತಿದ್ಲು. ಆವತ್ತು ಶುಕ್ರವಾರ ತುಂಬಾ ಕುಣಿದ್ಲು. ಅಷ್ಟು ಯಾವತ್ತೂ ಕುಣಿದಿರಲಿಲ್ಲ."

"ಅವಳಿಗೆ ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು. ಅವಳು ಕೇಳಿದ ಹಾಡೆಲ್ಲ ನಿಮ್ಮದೇ. ಬೇರೆ ಯಾವುದೂ ಕೇಳಲಿಲ್ಲ."

ಗುಡುಗು ತೊಡೆಯ ಕೆಳಗಿನಿಂದ ಕೈ ತೆಗೆದಳು. ಅಂಗೈ ಕೆಂಪಾಗಿತ್ತು, ಬೆಂಚಿನ ಹಲಗೆಯ ಗೆರೆಗಳು ಮೂಡಿದ್ದವು. ಎದ್ದು ಬಂದು ನನ್ನ ಹೊಟ್ಟೆಯನ್ನೂ ಮುಖವನ್ನೂ ಒಮ್ಮೆ ನೋಡಿದಳು. ಆಮೇಲೆ ಡ್ರಮ್ಮಿನ ಹತ್ತಿರ ಹೋಗಿ ನಿಂತಳು. ಕೋಲು ಕೈಯಲ್ಲಿತ್ತು, ಹೊಡೆಯಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಸರದಿ ಕೊಡದೆ ಬಾರಿಸಬಾರದಲ್ಲ, ನಿಯಮ.

ನಾನು ಹಾಜರಿಯ ರಾಗ ಎಳೆದೆ. ಒಂಬತ್ತು ವಾರದಿಂದ ಹಾಡದ ದನಿ ಒರಟಾಗಿ ಬಂತು. "ಒಂದು..."

ಮೊದಲನೆಯವನು ಸಣ್ಣಗೆ "ಇದ್ದೀನಿ" ಎಂದ. "ಎರಡು..." ಹತ್ತರ ಹೊತ್ತಿಗೆ ಅವರ ದನಿ ಕೋಣೆಯ ಆಚೆ ಹೋಗುವಷ್ಟಾಯಿತು. ಹದಿನೇಳು ಗುಡುಗಿನ ಸಂಖ್ಯೆ; ಅವಳು ಬಾಯಿಂದ ಹೇಳದೆ ಡ್ರಮ್ಮಿಗೆ ಒಂದು ಏಟು ಕೊಟ್ಟಳು. ಕಿಟಕಿ ಅದುರಿತು. ಇಪ್ಪತ್ತೆಂಟು ಮುಗಿಯಿತು. ನಾನು ನಿಲ್ಲಿಸಿದೆ. ಅವರಿಗೆ ಮುಗಿದಿರಲಿಲ್ಲ, ಕಾಯುತ್ತಿದ್ದರು. ಹಾಡಿನ ಕೊನೆಯ ಸಾಲು ಬಾಕಿ ಇತ್ತು.

"ಇಪ್ಪತ್ತೊಂಬತ್ತು" ಎಂದು ಹಾಡಿದೆ.

ಯಾರೂ ಬೆರಳು ತೋರಿಸಲಿಲ್ಲ. ಗುಡುಗು ಕೋಲೆತ್ತಿ ಬಾರಿಸತೊಡಗಿದಳು. ಆವತ್ತಿನ ಶುಕ್ರವಾರದ ಅದೇ ಗತಿ, ಅದೇ ಹುಚ್ಚು ಓಟ. ಗಿಲಕಿಗಳ ಬುಟ್ಟಿ ಬರಿದಾಯಿತು, ತಾಳಗಳು ಬಂದವು, ಉಳಿದವರು ಬೆಂಚು ಬಡಿದರು.

ಹೆಡ್ ಮೇಡಂ ಬಾಗಿಲಿಗೆ ಓಡಿಬಂದರು. ಕೈಯಲ್ಲಿ ನಾನು ಬರೆದುಕೊಟ್ಟ ಹಾಳೆಯ ಪ್ರತಿಗಳಿದ್ದವು. "ಏನಿದು! ಏನಾಯ್ತಮ್ಮಾ ಇವರಿಗೆ?"

ನನ್ನ ಕೈ ಹೊಟ್ಟೆಯ ಮೇಲಿತ್ತು. ಯಾವಾಗ ಹೋಯಿತೋ ಗೊತ್ತಿಲ್ಲ. ಅಭ್ಯಾಸಬಲದಿಂದ ಅದು ಒದೆತಕ್ಕೆ ಕಾಯುತ್ತಿತ್ತು, ಒಳಗೆ ಏನೂ ಇರಲಿಲ್ಲ. ಇಲ್ಲ ಎಂಬುದು ಅಂದು ಮೊದಲ ಸಲ ನನ್ನನ್ನು ನೋಯಿಸಿತು. ಮಕ್ಕಳ ನಡುವೆ ಕೂತು ಬಾಯಿಬಿಟ್ಟು ಅತ್ತೆ. ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.